ಬ್ಲ್ಯಾಕ್ ಬೆಲ್ಟ್ ಯಾವುದರ ಪ್ರಮಾಣಪತ್ರ?

ಕರಾಟೆಯಲ್ಲಿ ಬ್ಲ್ಯಾಕ್ ಬೆಲ್ಟಿನ ಮೊದಲ ದರ್ಜೆಯನ್ನು ಜಪಾನಿ ಭಾಷೆಯಲ್ಲಿ ‘ಶೋದಾನ್’ ಎಂದು ಕರೆಯುತ್ತಾರೆ. ‘ದಾನ್’ ಎಂದರೆ ಮೆಟ್ಟಿಲು. ‘ಶೋ’ ಎಂದರೆ ಆರಂಭದ್ದು, ಮೊದಲನೆಯದು. ಅಕ್ಷರಾಭ್ಯಾಸ ಮುಗಿಯಿತು, ಇನ್ನು ಓದಲು ಕೂರಬಹುದು ಎನ್ನುವಷ್ಟೇ ಅದರ ಅರ್ಥ. ಆದರೆ ನಾವು ನೆಲೆಸಿರುವ ಅಮೆರಿಕದ ಉಪನಗರಗಳಲ್ಲಿ ಅದು ಘಟಿಕೋತ್ಸವದ ರೂಪ ಪಡೆದಿದೆ. ಸಭಾಂಗಣ ಬಾಡಿಗೆಗೆ ಪಡೆಯಲಾಗುತ್ತದೆ, ಅಜ್ಜ ಅಜ್ಜಿಯರು ಊರಿನಿಂದ ವಿಡಿಯೊ ಕರೆಯಲ್ಲಿ ನೋಡುತ್ತಾರೆ, ಹಲಗೆಗಳು ಮುರಿಯುತ್ತವೆ, ಕೇಕು ಕತ್ತರಿಸಲಾಗುತ್ತದೆ. ಮರುವಾರದಿಂದ ಆ ಮಗು ತರಬೇತಿಗೆ ಹೋಗುವುದನ್ನೇ ನಿಲ್ಲಿಸುತ್ತದೆ. ಮೊದಲ ಮೆಟ್ಟಿಲನ್ನು ಮಹಡಿಯೆಂದು ಭಾವಿಸಿ ಅಲ್ಲಿಂದಲೇ ಕೆಳಗಿಳಿದ ಹಾಗೆ.

ಈ ದೃಶ್ಯ ನಮಗೆ ಪರಿಚಿತವೇ. ಭರತನಾಟ್ಯದ ರಂಗಪ್ರವೇಶಕ್ಕೂ ನಾವು ಇದನ್ನೇ ಮಾಡಿದ್ದೇವೆ. ರಂಗವನ್ನು ಪ್ರವೇಶಿಸುವುದು ಎಂದರೆ ಕಲಾವಿದೆಯ ಬದುಕು ಶುರುವಾಗುವುದು ಎಂದು ಆ ಪದವೇ ಹೇಳುತ್ತದೆ. ಹೊರದೇಶದ ನಮ್ಮ ಮನೆಗಳಲ್ಲಿ ಅದು ಹೈಸ್ಕೂಲು ಮುಗಿಯುವ ಮುನ್ನ ನಡೆಯುವ ದುಬಾರಿ ಬೀಳ್ಕೊಡುಗೆ. ಎರಡೂ ಕಡೆ ಕಾಲೇಜಿನ ಅರ್ಜಿಯಲ್ಲಿ ಒಂದು ಸಾಲು ಸಿಗುತ್ತದೆ. ಆ ಸಾಲಿಗಾಗಿ ದುಡ್ಡು ಸುರಿಯುವ ಸಾಮರ್ಥ್ಯ ಯಾರಿಗಿದೆ, ಅದನ್ನು ‘ಮೆರಿಟ್’ ಎಂದು ಕರೆಯುವ ಹಕ್ಕು ಯಾರಿಗೆ ಸಿಗುತ್ತದೆ ಎಂಬ ಪ್ರಶ್ನೆಯನ್ನು ಮೀಸಲಾತಿಯ ಚರ್ಚೆಯಲ್ಲಿ ಗಟ್ಟಿಯಾಗಿ ಎತ್ತುವ ನಾವು ಮಕ್ಕಳ ಸೊಂಟದ ಬೆಲ್ಟಿನ ವಿಷಯ ಬಂದಾಗ ಮೆತ್ತಗಾಗುತ್ತೇವೆ. (ಕನ್ನಡದಲ್ಲಿ ‘ಕಪ್ಪುಪಟ್ಟಿ’ ಎಂದರೆ ಬೇರೆಯೇ ಅರ್ಥ ಬರುವುದರಿಂದ ಬೆಲ್ಟನ್ನು ಬೆಲ್ಟ್ ಎಂದೇ ಬರೆಯುತ್ತಿದ್ದೇನೆ. ಶಂಕರ್ ನಾಗ್ ಅವರನ್ನು ‘ಕರಾಟೆ ಕಿಂಗ್’ ಎಂದು ಕೂಗಿ ಬೆಳೆದ ತಲೆಮಾರಿಗೆ ಇದರ ಬಗ್ಗೆ ತಕರಾರು ಇರಲಾರದು.)

ಬೆಲ್ಟನ್ನು ಪುರಾತನವೆಂದು ಹೇಳುವ ಒಂದು ಕಥೆ ಎಲ್ಲ ಶಾಲೆಗಳಲ್ಲಿಯೂ ಚಲಾವಣೆಯಲ್ಲಿದೆ. ಹಿಂದೆ ಒಂದೇ ಬಿಳಿ ಬೆಲ್ಟ್ ಇತ್ತಂತೆ, ವರ್ಷಗಟ್ಟಲೆ ಬೆವರು, ಮಣ್ಣು, ರಕ್ತ ಹತ್ತಿ ಅದು ಕಪ್ಪಾಯಿತಂತೆ. ಇದು ಕಟ್ಟುಕಥೆ. ಬೆಲ್ಟಿನ ಇತಿಹಾಸ ಮಠದ ಇತಿಹಾಸವಲ್ಲ, ಆಧುನಿಕ ಶಾಲೆಯ ಇತಿಹಾಸ. 1882ರಲ್ಲಿ, ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾದ ಮರುವರ್ಷ, ಟೋಕಿಯೊದಲ್ಲಿ ಕಾನೋ ಜಿಗೊರೋ ಎಂಬ ಶಿಕ್ಷಣತಜ್ಞ ಜೂಡೊಗಾಗಿ ಕೊಡೊಕಾನ್ ಸ್ಥಾಪಿಸಿದರು. ಮರುವರ್ಷ ‘ಗೋ’ ಎಂಬ ಮಣೆಯಾಟದಲ್ಲಿ ಆಟಗಾರರ ಮಟ್ಟವನ್ನು ಅಳೆಯಲು ಬಳಕೆಯಲ್ಲಿದ್ದ ದಾನ್ ಪದ್ಧತಿಯನ್ನು ತಂದು ತಮ್ಮ ಇಬ್ಬರು ಶಿಷ್ಯರಿಗೆ ಅನ್ವಯಿಸಿದರು. ಕಪ್ಪು ಬಣ್ಣದ ಪಟ್ಟಿ ಬಂದದ್ದು ಅದಕ್ಕೂ ಕೆಲವು ವರ್ಷಗಳ ನಂತರ. ಬಿಳಿ ಮತ್ತು ಕಪ್ಪಿನ ನಡುವೆ ನಾವಿಂದು ಕಾಣುವ ಹಳದಿ, ಕಿತ್ತಳೆ, ಹಸಿರು, ನೀಲಿಗಳ ಸಾಲು ಪ್ರಚಾರಕ್ಕೆ ಬಂದದ್ದು 1920–30ರ ದಶಕಗಳಲ್ಲಿ, ಲಂಡನ್ ಮತ್ತು ಪ್ಯಾರಿಸ್ಸಿನ ಜೂಡೊ ಕ್ಲಬ್ಬುಗಳಲ್ಲಿ. ಯುರೋಪಿನವರಿಗೆ ತಾಳ್ಮೆ ಕಡಿಮೆ, ಆಗಾಗ ಒಂದು ಬಹುಮಾನ ಬೇಕು ಎಂಬ ಲೆಕ್ಕಾಚಾರ ಅದರ ಹಿಂದಿತ್ತು ಎನ್ನುವವರಿದ್ದಾರೆ. ನಾವು ‘ಪೌರಸ್ತ್ಯ ಪರಂಪರೆ’ ಎಂದು ನಮಸ್ಕರಿಸುತ್ತಿರುವುದು ಬಹುಮಟ್ಟಿಗೆ ಯುರೋಪಿನ ಸಂಜೆ ಕ್ಲಬ್ಬುಗಳ ವ್ಯವಸ್ಥೆಗೆ.

ಕರಾಟೆಯ ತವರು ಜಪಾನಿನ ಮುಖ್ಯಭೂಮಿಯೂ ಅಲ್ಲ. ಓಕಿನಾವಾ ದ್ವೀಪ ರ್ಯೂಕ್ಯೂ ಎಂಬ ಪ್ರತ್ಯೇಕ ರಾಜ್ಯಕ್ಕೆ ಸೇರಿತ್ತು. 1609ರಲ್ಲಿ ಸತ್ಸುಮಾದ ಪಾಳೆಯಗಾರರು ಅದರ ಮೇಲೆ ದಂಡೆತ್ತಿ ಬಂದರು. 1879ರಲ್ಲಿ ಮೇಜಿ ಸರ್ಕಾರ ಅಲ್ಲಿನ ದೊರೆಯನ್ನು ಕೆಳಗಿಳಿಸಿ ಅದನ್ನೊಂದು ಜಿಲ್ಲೆಯನ್ನಾಗಿಸಿತು. ನಂತರದ ದಶಕಗಳಲ್ಲಿ ಅಲ್ಲಿನ ಶಾಲೆಗಳಲ್ಲಿ ತಾಯಿನುಡಿಯಾಡಿದ ಮಗುವಿನ ಕೊರಳಿಗೆ ಮರದ ಹಲಗೆಯೊಂದನ್ನು ನೇತುಹಾಕುತ್ತಿದ್ದರು. ಇನ್ನೊಂದು ಮಗು ತಾಯಿನುಡಿಯಾಡಿ ಸಿಕ್ಕಿಬೀಳುವ ತನಕ ಅದು ಮೊದಲ ಮಗುವಿನ ಕೊರಳಲ್ಲೇ ಇರಬೇಕು. ಕನ್ನಡ ಮಾತಾಡಿದ್ದಕ್ಕೆ ಕಾನ್ವೆಂಟಿನಲ್ಲಿ ದಂಡ ಕಟ್ಟಿದವರು ಈ ಪತ್ರಿಕೆಯ ಓದುಗರಲ್ಲಿ ಸಾಕಷ್ಟಿರಬಹುದು. ಅವರಿಗೆ ಆ ಹಲಗೆಯ ಭಾರವನ್ನು ವಿವರಿಸಬೇಕಾಗಿಲ್ಲ. ಅಂಥ ಶಾಲೆಗಳಿಗೇ ಇತೋಸು ಆಂಕೋ 1901ರ ಸುಮಾರಿಗೆ ಕರಾಟೆಯನ್ನು ಒಯ್ದರು. ಮಕ್ಕಳಿಗೆಂದು ಐದು ಸರಳ ಕಟಾಗಳನ್ನು ರೂಪಿಸಿದರು. ಇಂದು ಜಗತ್ತಿನ ಬಹುಪಾಲು ಶೊಟೊಕಾನ್ ಶಾಲೆಗಳಲ್ಲಿ ಬ್ಲ್ಯಾಕ್ ಬೆಲ್ಟಿಗೆ ಮುನ್ನ ಕಲಿಸುವ ಹೇಯಾನ್ ಕಟಾಗಳು ಇವೇ. ಅಂದರೆ ಪರೀಕ್ಷೆಯ ದೊಡ್ಡ ಪಾಲು ನೂರಿಪ್ಪತ್ತು ವರ್ಷ ಹಿಂದಿನ ಶಾಲಾ ಕವಾಯತು.

ಇತೋಸು ಅವರ ಶಿಷ್ಯ ಫುನಾಕೊಶಿ ಗಿಚಿನ್ ಸ್ವತಃ ಶಾಲಾ ಮೇಷ್ಟರು. 1922ರಲ್ಲಿ ಟೋಕಿಯೊಗೆ ಬಂದು ಕರಾಟೆಯನ್ನು ಪ್ರದರ್ಶಿಸಿದವರು ಅಲ್ಲಿಯೇ ನೆಲೆಸಿದರು. ಕಾನೋ ಅವರ ನೆರವು ಪಡೆದರು. ಜೂಡೊದ ಬಿಳಿ ಉಡುಪನ್ನೂ ದಾನ್ ಪದ್ಧತಿಯನ್ನೂ ಎರವಲು ಪಡೆದು 1924ರಲ್ಲಿ ಕರಾಟೆಯ ಮೊದಲ ಬ್ಲ್ಯಾಕ್ ಬೆಲ್ಟುಗಳನ್ನು ಕೊಟ್ಟರು. ಹೊಸ ನಾಡಿಗೆ ವಲಸೆ ಬಂದವನು ಅಲ್ಲಿನವರಿಗೆ ಅರ್ಥವಾಗುವ ಭಾಷೆಯಲ್ಲಿ ತನ್ನ ವಿದ್ಯೆಯನ್ನು ಹೇಳಲೇಬೇಕಾದ ಅನಿವಾರ್ಯ ಅದು. 1933ರಲ್ಲಿ ದಾಯ್ ನಿಪ್ಪೋನ್ ಬುತೊಕು ಕಾಯ್ ಎಂಬ ಸಮರವಿದ್ಯೆಗಳ ರಾಷ್ಟ್ರೀಯ ಸಂಸ್ಥೆ ಕರಾಟೆಗೆ ಮಾನ್ಯತೆ ನೀಡಿತು. ಮಾನ್ಯತೆಯ ಜೊತೆಗೆ ಏಕರೂಪದ ದರ್ಜೆ, ಉಡುಪು, ಪರೀಕ್ಷೆಗಳು ಬಂದವು. ‘ಚೀನೀ ಕೈ’ ಎಂಬ ಅರ್ಥದ ಹಳೆಯ ಬರವಣಿಗೆಯನ್ನು ‘ಬರಿಗೈ’ ಎಂದು ಬದಲಾಯಿಸುವ ತೀರ್ಮಾನವನ್ನು ಓಕಿನಾವಾದ ಗುರುಗಳು ನಾಹಾದ ಸಭೆಯೊಂದರಲ್ಲಿ ಒಪ್ಪಿಕೊಂಡದ್ದು 1936ರಲ್ಲಿ. ಮರುವರ್ಷ ಜಪಾನ್ ಚೀನಾದ ಮೇಲೆ ಪೂರ್ಣಪ್ರಮಾಣದ ಯುದ್ಧ ಹೂಡಿತು. ದರ್ಜೆ ಮತ್ತು ರಾಷ್ಟ್ರೀಯತೆ ಒಂದೇ ಕಾಲದ ಮಕ್ಕಳು ಎಂಬುದನ್ನು ನೆನಪಿಡುವುದು ಒಳ್ಳೆಯದು. ಗೋಜು-ರ್ಯೂ ಪಂಥವನ್ನು ಕಟ್ಟಿದ ಮಿಯಾಗಿ ಚೋಜುನ್ ಓಕಿನಾವಾದ ತಮ್ಮ ಶಿಷ್ಯರಿಗೆ ದಾನ್ ದರ್ಜೆಗಳನ್ನೇ ಕೊಡಲಿಲ್ಲ. 1953ರಲ್ಲಿ ಅವರು ತೀರಿಕೊಂಡ ನಂತರವೇ ಆ ಶಿಷ್ಯರ ಸೊಂಟಕ್ಕೆ ಬೆಲ್ಟುಗಳು ಬಂದವು.

ಬೆಲ್ಟನ್ನು ಕಿತ್ತೊಗೆಯಬೇಕು ಎಂಬ ತೀರ್ಮಾನಕ್ಕೆ ನಾನು ಇದರಿಂದ ಬರುವುದಿಲ್ಲ. ಮನುಷ್ಯರು ಸೃಷ್ಟಿಸಿದ ಅಳತೆಗೋಲನ್ನು ಮನುಷ್ಯರು ತಿದ್ದಬಹುದು, ಅದು ಯಾವ ಋಷಿಯೂ ಕೊಟ್ಟದ್ದಲ್ಲ ಎಂಬುದಷ್ಟೇ ನನ್ನ ಮಾತು. ‘ನಮ್ಮ ಪರಂಪರೆಯಲ್ಲಿ ಹೀಗೇ’ ಎಂದು ಹೇಳಿ ಪ್ರಶ್ನೆಯನ್ನು ಮುಚ್ಚುವ ಸೆನ್ಸೇಯ ಮುಂದೆ ಈ ದಿನಾಂಕಗಳನ್ನು ಇಡಬಹುದು.

ಇನ್ನು ಸಮಯದ ಲೆಕ್ಕ. 1908ರಲ್ಲಿ ಇತೋಸು ಶಿಕ್ಷಣ ಇಲಾಖೆಗೆ ಬರೆದ ಪತ್ರವೊಂದು ಉಳಿದುಬಂದಿದೆ. ದಿನಕ್ಕೆ ಒಂದೆರಡು ಗಂಟೆಯಂತೆ ಮೂರು ನಾಲ್ಕು ವರ್ಷ ಅಭ್ಯಾಸ ಮಾಡಿದರೆ ದೇಹದಲ್ಲಿ ವ್ಯತ್ಯಾಸ ಕಾಣುತ್ತದೆ, ವಿದ್ಯೆಯ ಒಳಗಿನ ತಿರುಳೂ ತಿಳಿಯತೊಡಗುತ್ತದೆ ಎಂಬ ಅಭಿಪ್ರಾಯ ಅದರಲ್ಲಿದೆ. ಕನಿಷ್ಠ ಹಿಡಿದರೂ ಸಾವಿರದ ನೂರು ಗಂಟೆಯಾಯಿತು. ಗರಿಷ್ಠ ಹಿಡಿದರೆ ಮೂರು ಸಾವಿರಕ್ಕೆ ಹತ್ತಿರ. ನಮ್ಮ ಉಪನಗರದ ಲೆಕ್ಕ ಬೇರೆ. ವಾರಕ್ಕೆ ಎರಡು ತರಗತಿ, ಒಂದೊಂದು ಮುಕ್ಕಾಲು ಗಂಟೆ, ರಜೆಗಳನ್ನು ಕಳೆದು ವರ್ಷಕ್ಕೆ ನಲವತ್ತೈದು ವಾರ. ಮೂರು ವರ್ಷಕ್ಕೆ ಇನ್ನೂರು ಗಂಟೆ ತುಂಬಿದರೆ ಹೆಚ್ಚು. ಅದರಲ್ಲಿಯೂ ಒಂದಿಷ್ಟು ಹೊತ್ತು ಆಟಕ್ಕೆ, ಸಾಲಾಗಿ ನಿಲ್ಲುವುದಕ್ಕೆ, ಬಾಗಿ ವಂದಿಸುವುದಕ್ಕೆ ಹೋಗುತ್ತದೆ. ‘ಒಂದು ಕಟಾ, ಮೂರು ವರ್ಷ’ ಎಂಬ ಹಳೆಯ ಮಾತು ಓಕಿನಾವಾದಲ್ಲಿದೆ. ಈಗ ಮೂರು ವರ್ಷಕ್ಕೆ ಹತ್ತು ಕಟಾಗಳ ಜೊತೆ ಒಂದು ಬೆಲ್ಟೂ ಬರುತ್ತದೆ. ಹೋಲಿಕೆಗೆ ಬ್ರೆಜಿಲಿಯನ್ ಜಿಯು-ಜಿತ್ಸುವನ್ನು ನೋಡಬಹುದು. ಅಲ್ಲಿ ಬ್ಲ್ಯಾಕ್ ಬೆಲ್ಟಿಗೆ ಸಾಮಾನ್ಯವಾಗಿ ಹತ್ತು ವರ್ಷ ಹಿಡಿಯುತ್ತದೆ, ಮಕ್ಕಳಿಗೆ ಅದನ್ನು ಕೊಡುವುದೇ ಇಲ್ಲ. ಆದರೂ ಜನ ಸಾಲುಗಟ್ಟಿ ಸೇರುತ್ತಾರೆ. ತಡವಾದರೆ ಗಿರಾಕಿಗಳು ಬರುವುದಿಲ್ಲ ಎನ್ನುವ ಕರಾಟೆ ಶಾಲೆಗಳ ವಾದ ಇಲ್ಲಿ ಬಿದ್ದುಹೋಗುತ್ತದೆ.

ಗಿರಾಕಿ ಎಂಬ ಪದವನ್ನು ಬೇಕೆಂದೇ ಬಳಸಿದೆ. ನಮ್ಮ ಪ್ರದೇಶದ ಒಂದು ಶಾಲೆಯ ಒಪ್ಪಂದಪತ್ರವನ್ನು ಗೆಳೆಯರೊಬ್ಬರು ನನಗೆ ಓದಲು ಕೊಟ್ಟಿದ್ದರು. ಮೂವತ್ತಾರು ತಿಂಗಳ ‘ಬ್ಲ್ಯಾಕ್ ಬೆಲ್ಟ್ ಯೋಜನೆ’. ಕಂತುಗಳು ಬ್ಯಾಂಕ್ ಖಾತೆಯಿಂದ ತಾವಾಗಿ ಕಡಿತವಾಗುತ್ತವೆ. ನಡುವೆ ಬಿಟ್ಟರೂ ಬಾಕಿ ಕಟ್ಟಬೇಕು. ಪ್ರತಿ ಬಣ್ಣಕ್ಕೂ, ಬಣ್ಣದ ಮೇಲಿನ ಪ್ರತಿ ಗೆರೆಗೂ ಪ್ರತ್ಯೇಕ ಪರೀಕ್ಷಾ ಶುಲ್ಕ. ಮಗುವಿನ ಮೊದಲ ಪಾಠಕ್ಕೂ ಮುನ್ನ, ಯಾವ ದಿನ ಅದು ಬ್ಲ್ಯಾಕ್ ಬೆಲ್ಟ್ ಆಗಲಿದೆ ಎಂಬುದು ಕಾಗದದ ಮೇಲಿತ್ತು. ಅನುತ್ತೀರ್ಣವಾದರೆ ಏನು ಎಂಬ ಕಲಮು ಮಾತ್ರ ಅದರಲ್ಲಿ ಇರಲಿಲ್ಲ. ಇರಬೇಕಾದ ಅಗತ್ಯವೂ ಅವರಿಗೆ ತೋರಿರಲಿಕ್ಕಿಲ್ಲ. ಸೋಲುವ ಸಾಧ್ಯತೆಯೇ ಇಲ್ಲದ್ದನ್ನು ಪರೀಕ್ಷೆ ಎಂದು ಕರೆಯುವುದಾದರೆ ದಿನಸಿ ಅಂಗಡಿಯ ರಶೀದಿಯನ್ನೂ ಅಂಕಪಟ್ಟಿ ಎನ್ನಬಹುದು.

ಹಾಗಾದರೆ ಏನನ್ನು ಬೇಡಬೇಕು? ಮೊದಲನೆಯ ಬೇಡಿಕೆ ಕಲಿಯುವವನ ಮೇಲಲ್ಲ, ಕಲಿಸುವವನ ಮೇಲೆ. ಪರೀಕ್ಷೆ ನಡೆಸುವವರಿಗೆ ಅದರ ಫಲಿತಾಂಶದಿಂದ ಲಾಭವಿರಬಾರದು. ಬೇರೆ ಶಾಲೆಯ ಗುರುಗಳು ಬಂದು ನೋಡಲಿ. ಶುಲ್ಕ ಅವರ ಪ್ರಯಾಣದ ಖರ್ಚಿಗಷ್ಟೇ ಸೀಮಿತವಾಗಲಿ. ಅನುತ್ತೀರ್ಣರಾದವರು ಮತ್ತೆ ಬಂದಾಗ ಎರಡನೆಯ ಶುಲ್ಕ ಬೇಡ. ಇಷ್ಟಾದರೆ ಉಳಿದ ಮಾನದಂಡಗಳು ಅರ್ಧದಷ್ಟು ತಾವಾಗಿಯೇ ಸರಿಯಾಗುತ್ತವೆ ಎಂಬುದು ನನ್ನ ಅಂದಾಜು.

ಕಲಿಯುವವರ ವಿಷಯದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಒಂದು: ಸಹಕರಿಸದ ಎದುರಾಳಿ. ಬಹುತೇಕ ಪರೀಕ್ಷೆಗಳಲ್ಲಿ ಒಬ್ಬ ಹುಡುಗ ನೇರವಾಗಿ ಒಂದು ಗುದ್ದು ಚಾಚಿ, ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿ, ಇನ್ನೊಬ್ಬ ತನ್ನ ನಾಲ್ಕು ಚಲನೆಗಳನ್ನು ಮುಗಿಸುವ ತನಕ ಕಾಯುತ್ತಾನೆ. ಜಗತ್ತಿನಲ್ಲಿ ಯಾವ ಹಲ್ಲೆಕೋರನೂ ಹೀಗೆ ಕಾಯುವುದಿಲ್ಲ. ಊರಿನ ಗರಡಿಯಲ್ಲಿ ಬೆಲ್ಟುಗಳಿರಲಿಲ್ಲ; ಮಟ್ಟಿಗೆ ಇಳಿದು ಇನ್ನೊಬ್ಬನ ಕೈಗೆ ಸಿಕ್ಕ ಮೇಲೆ ಯಾರು ಎಷ್ಟು ಸಾಮು ಮಾಡಿದ್ದಾರೆ ಎಂಬುದು ಉಸ್ತಾದರಿಗೂ ನೋಡುವವರಿಗೂ ತಿಳಿಯುತ್ತಿತ್ತು. (ಗರಡಿಯನ್ನು ಆದರ್ಶವಾಗಿಸುವುದು ನನ್ನ ಉದ್ದೇಶವಲ್ಲ. ಹೆಣ್ಣುಮಕ್ಕಳಿಗೆ ಅದರ ಬಾಗಿಲು ಮುಚ್ಚಿತ್ತು, ಯಾವ ಕೇರಿಯವರಿಗೆ ಎಷ್ಟು ತೆರೆದಿತ್ತು ಎಂಬುದನ್ನೂ ಬಲ್ಲೆವು.) ಕಟಾದಲ್ಲಿ ಇರುವ ಒಂದು ಚಲನೆ ಏಕೆ ಇದೆ, ಅದರಿಂದ ಯಾವ ಹಿಡಿತ ಬಿಡಿಸಿಕೊಳ್ಳಬಹುದು ಎಂಬುದನ್ನು, ಬಿಡದೆ ಹಿಡಿದಿರುವ ಜೊತೆಗಾರನ ಮೇಲೆ ತೋರಿಸಬೇಕು. ಶೊಟೊಕಾನಿನ ಇಪ್ಪತ್ತಾರು ಕಟಾಗಳಲ್ಲಿ ಹತ್ತನ್ನು ಬಾಯಿಪಾಠದಂತೆ ಒಪ್ಪಿಸುವವನಿಗಿಂತ ಒಂದೇ ಕಟಾವನ್ನು ಹೀಗೆ ಬಿಡಿಸಿ ತೋರಿಸಬಲ್ಲವನಿಗೆ ನಾನು ಬೆಲ್ಟ್ ಕೊಟ್ಟೇನು.

ಇದನ್ನು ಕೇಳಿದ ಕೂಡಲೇ ಇನ್ನೊಂದು ಬಣದವರಿಗೆ ಹುರುಪು ಬರುತ್ತದೆ. ಹಾಗಿದ್ದರೆ ಮೂಳೆ ಮುರಿಯುವ ತನಕ ಹೊಡೆದಾಡಲಿ, ಇಪ್ಪತ್ತು ಜನರ ಜೊತೆ ಸತತವಾಗಿ ಕಾದಲಿ, ರಕ್ತ ಕಾಣದ ಬೆಲ್ಟ್ ಬೆಲ್ಟೇ ಅಲ್ಲ ಎನ್ನುವವರು ಅವರು. ಕ್ಯೊಕುಶಿನ್ ಪಂಥದ ನೂರು ಜನರ ಕುಮಿತೆಯನ್ನು ಇವರು ಉದಾಹರಿಸುತ್ತಾರೆ. ಆ ಪಂಥದ ಸ್ಥಾಪಕ ಒಯಾಮಾ ಮಸುತಾತ್ಸು ಕೊರಿಯಾದಲ್ಲಿ ಹುಟ್ಟಿ ಹದಿಹರೆಯದಲ್ಲಿ ಜಪಾನಿಗೆ ವಲಸೆ ಬಂದವರು. ಅಲ್ಲಿನ ಸಮಾಜ ಕೊರಿಯನ್ನರನ್ನು ಕೀಳಾಗಿ ಕಂಡ ಕಾಲದಲ್ಲಿ ಜಪಾನಿ ಹೆಸರಿನೊಡನೆ ಎತ್ತರಕ್ಕೆ ಏರಿದವರು. ಅವರ ಉಗ್ರತೆಗೆ ಒಂದು ಚರಿತ್ರೆಯಿದೆ. ಅದನ್ನು ಎಲ್ಲರ ಮೇಲೂ ಹೇರುವ ಅಗತ್ಯವಿಲ್ಲ. ಅರವತ್ತರ ಹೆಂಗಸು, ಒಂದು ಕಾಲು ಸ್ವಾಧೀನವಿಲ್ಲದ ಯುವಕ, ಆಸ್ತಮಾ ಇರುವ ಹುಡುಗಿ — ಇವರಿಗೂ ಮೊದಲ ಮೆಟ್ಟಿಲಿನ ಮೇಲೆ ಹಕ್ಕಿದೆ. ಅವರವರ ದೇಹಕ್ಕೆ ನಿಜವಾಗಿ ಎದುರಾಗುವ ಒತ್ತಡದ ಮುಂದೆ ಅವರವರ ತಂತ್ರ ನಿಲ್ಲುತ್ತದೆಯೇ ಎಂದು ನೋಡಬೇಕು. ಹೊಡೆತ ತಿನ್ನುವ ಶಕ್ತಿಯೇ ಅರ್ಹತೆಯಾದರೆ ಬೆಲ್ಟು ಮತ್ತೆ ಇಪ್ಪತ್ತೈದರ ಗಂಡಸರ ಸೊತ್ತಾಗುತ್ತದೆ.

ಆತ್ಮರಕ್ಷಣೆ ಎಂಬ ಪದವನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸುವ ಶಾಲೆಗಳು ಕಡೆಗಣಿಸಿರುವ ಒಂದು ಅಧ್ಯಯನವಿದೆ. ಕೆನಡಾದ ವಿಂಡ್ಸರ್ ವಿಶ್ವವಿದ್ಯಾಲಯದ ಶಾರ್ಲೀನ್ ಸೆನ್ ಮತ್ತು ಸಂಗಡಿಗರು 2015ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಅದನ್ನು ಪ್ರಕಟಿಸಿದರು. ಮೂರು ವಿಶ್ವವಿದ್ಯಾಲಯಗಳ ಮೊದಲ ವರ್ಷದ 893 ವಿದ್ಯಾರ್ಥಿನಿಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾಹಿತಿಯ ಕರಪತ್ರಗಳನ್ನೂ ಇನ್ನೊಂದಕ್ಕೆ ಹನ್ನೆರಡು ಗಂಟೆಗಳ ತರಬೇತಿಯನ್ನೂ ಕೊಟ್ಟರು. ವರ್ಷದ ಕೊನೆಗೆ ಅತ್ಯಾಚಾರಕ್ಕೆ ಒಳಗಾಗುವ ಸಂಭವ ಕರಪತ್ರದ ಗುಂಪಿನಲ್ಲಿ ಶೇ. 9.8, ತರಬೇತಿಯ ಗುಂಪಿನಲ್ಲಿ ಶೇ. 5.2. ಆ ಹನ್ನೆರಡು ಗಂಟೆಗಳಲ್ಲಿ ಗುದ್ದು, ಒದೆತಕ್ಕೆ ಮೀಸಲಾದದ್ದು ಒಂದು ಪಾಲು ಮಾತ್ರ. ಉಳಿದ ಹೊತ್ತು ಬೇರೆಯದಕ್ಕೆ ಸಂದಿತ್ತು. ಅಪಾಯ ಬಹುಪಾಲು ಬರುವುದು ಪರಿಚಿತರಿಂದ ಎಂದು ಅರಿಯುವುದು, ಸಂಕೋಚವನ್ನು ದಾಟಿ ಅದನ್ನು ಅಪಾಯವೆಂದು ಒಪ್ಪಿಕೊಳ್ಳುವುದು, ‘ಬೇಡ’ ಎಂದು ಗಟ್ಟಿಯಾಗಿ ಹೇಳುವುದು, ತನಗೆ ಏನು ಬೇಕು ಎಂಬುದರ ಬಗ್ಗೆ ಸ್ಪಷ್ಟತೆ ಪಡೆಯುವುದು. ಇನ್ನೂರು ಗಂಟೆಗಳ ಬೆಲ್ಟಿನಲ್ಲಿ ಇವುಗಳಿಗೆ ಎಷ್ಟು ನಿಮಿಷ ಇಟ್ಟಿದ್ದೇವೆ? ಕತ್ತಲ ಓಣಿಯ ಅಪರಿಚಿತನ ಮೇಲೆಯೇ ನಮ್ಮ ಕಲ್ಪನೆಯೆಲ್ಲ ನೆಟ್ಟಿರುತ್ತದೆ. ಊರಿನಲ್ಲೂ ಪರಿಸ್ಥಿತಿ ಇದೇ. ಸರ್ಕಾರಿ ಶಾಲೆಗಳ ಹೆಣ್ಣುಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಡಿ ರಾಣಿ ಲಕ್ಷ್ಮೀಬಾಯಿಯ ಹೆಸರಿನಲ್ಲಿ, ವಸತಿ ಶಾಲೆಗಳಲ್ಲಿ ಓಬವ್ವನ ಹೆಸರಿನಲ್ಲಿ ಕರಾಟೆಯ ತರಬೇತಿಗಳು ನಡೆದಿವೆ. ನಡೆಯಲಿ, ಹೆಣ್ಣುಮಗುವೊಂದು ಅಂಗಳದಲ್ಲಿ ಗಟ್ಟಿಯಾಗಿ ಕೂಗುವುದೇ ದೊಡ್ಡದು. ಆದರೆ ಒನಕೆ ಹಿಡಿದ ಓಬವ್ವನಿಗೆ ಶತ್ರು ಕೋಟೆಯ ಹೊರಗಿನಿಂದ ಬಂದಿದ್ದ. ನಮ್ಮ ಹೆಚ್ಚಿನ ಹುಡುಗಿಯರಿಗೆ ಅವನು ಮನೆಯ ಜಗುಲಿಯಲ್ಲೇ ಕೂತಿರುತ್ತಾನೆ, ಕೆಲವೊಮ್ಮೆ ತರಬೇತಿಯ ಅಂಗಳದಲ್ಲೇ.

ಈ ಕೊನೆಯ ಮಾತನ್ನು ಬಿಟ್ಟು ಮುಂದೆ ಹೋಗಲಾಗದು. ಅಮೆರಿಕದಲ್ಲಿ ಕೂದಲು ಕತ್ತರಿಸುವ ವೃತ್ತಿಗೆ ರಾಜ್ಯ ಸರ್ಕಾರದ ಪರವಾನಗಿ ಬೇಕು. ಐವತ್ತು ಮಕ್ಕಳಿಗೆ ಕರಾಟೆ ಕಲಿಸುವ ಶಾಲೆ ತೆರೆಯಲು ಸಾಮಾನ್ಯವಾಗಿ ಅಂಥ ಯಾವ ವೃತ್ತಿಪರವಾನಗಿಯೂ ಬೇಡ. ಜಿಮ್ನಾಸ್ಟಿಕ್ಸ್ ಹಗರಣದ ನಂತರ 2018ರ ಆರಂಭದಲ್ಲಿ ಜಾರಿಗೆ ಬಂದ ಸುರಕ್ಷಿತ ಕ್ರೀಡೆಯ ಕಾಯ್ದೆಯ ಹಿಡಿತ ಮುಖ್ಯವಾಗಿ ಒಲಿಂಪಿಕ್ ವ್ಯವಸ್ಥೆಯೊಳಗಿನ ಸಂಸ್ಥೆಗಳ ಮೇಲಿದೆ. ಯಾವ ಒಕ್ಕೂಟಕ್ಕೂ ಸೇರದ ಬೀದಿಬದಿಯ ಶಾಲೆಗಳು ಬಹುತೇಕ ಅದರ ನೋಟದಿಂದ ಹೊರಗೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2022ರಲ್ಲಿ ಕಾನೂನನ್ನು ತಿದ್ದಿ, ಕ್ರೀಡಾ ತರಬೇತುದಾರರು ತಮ್ಮ ಬಳಿ ಕಲಿಯುವ ಹದಿನಾರು ಹದಿನೇಳರ ಮಕ್ಕಳೊಡನೆ ಲೈಂಗಿಕ ಸಂಬಂಧ ಇಟ್ಟುಕೊಳ್ಳುವುದನ್ನು ಅಪರಾಧವಾಗಿಸಿದರು. ಶಾಲಾ ಶಿಕ್ಷಕರಿಗೆ ಅನ್ವಯವಾಗುತ್ತಿದ್ದ ನಿಯಮ ಇವರಿಗೆ ವಿಸ್ತರಿಸಲು ಅಷ್ಟು ವರ್ಷ ಹಿಡಿಯಿತು.

ಕಾನೂನು ತಲುಪದ ಕಡೆ ಡೋಜೋದ ಸಂಸ್ಕೃತಿಯೇ ಕಾವಲಾಗಬೇಕು, ಅಲ್ಲಿ ನಾವು ಕಲಿಸುತ್ತಿರುವುದು ಮಾತ್ರ ತದ್ವಿರುದ್ಧ. ಗುರು ಏನು ಹೇಳಿದರೂ ‘ಓಸ್’. ಮೇಲಿನ ದರ್ಜೆಯವನು ಬಂದರೆ ಬಾಗು. ಪ್ರಶ್ನೆ ಕೇಳಿದರೆ ಇಪ್ಪತ್ತು ದಂಡೆ. ಬೆರಳನ್ನು ಕೇಳಿದ ಗುರುವಿಗಿಂತ ಅದನ್ನು ಕೊಟ್ಟ ಏಕಲವ್ಯನನ್ನೇ ಹೆಚ್ಚು ಹೊಗಳುತ್ತ ಬಂದ ನಮಗೆ ಇದರಲ್ಲಿ ಅಸಹಜವೇನೂ ಕಾಣುವುದಿಲ್ಲ. ‘ಶಿಸ್ತು ಕಲಿತಿದ್ದಾನೆ’ ಎಂದು ಸಂತೋಷಪಡುತ್ತೇವೆ. ನನ್ನ ಕೈಯಲ್ಲಿದ್ದರೆ ಬ್ಲ್ಯಾಕ್ ಬೆಲ್ಟಿನ ಪರೀಕ್ಷೆಯಲ್ಲಿ ಗುರುವನ್ನು ಪ್ರಶ್ನಿಸುವ ಒಂದು ಭಾಗವನ್ನೇ ಇಡುತ್ತಿದ್ದೆ. ಅಭ್ಯರ್ಥಿಯು ತನಗೆ ಕಲಿಸಿದ ಒಂದು ತಂತ್ರ ಏಕೆ ಕೆಲಸ ಮಾಡುವುದಿಲ್ಲ ಎಂದು ಗುರುವಿನ ಎದುರಿಗೇ ವಾದಿಸಬೇಕು. ಅದನ್ನು ಸಹಿಸಲಾರದ ಗುರುವಿಗೆ ಬೆಲ್ಟು ಕೊಡುವ ಅಧಿಕಾರ ಇರಬಾರದು. ಜೊತೆಗೆ, ಕಿರಿಯ ಮಗುವೊಂದು ಏನೋ ಸರಿಯಿಲ್ಲ ಎಂದು ಬಂದು ಹೇಳಿದರೆ ಯಾರಿಗೆ ತಿಳಿಸಬೇಕು, ಯಾರಿಗೆ ತಿಳಿಸಿ ಸುಮ್ಮನಾಗಬಾರದು ಎಂಬುದು ಪ್ರತಿ ಬ್ಲ್ಯಾಕ್ ಬೆಲ್ಟಿಗೂ ಕಟಾದಷ್ಟೇ ಸಲೀಸಾಗಿ ಗೊತ್ತಿರಬೇಕು.

ಹೊಸಬರಿಗೆ ಕಲಿಸುವ ಸಾಮರ್ಥ್ಯವೂ ಬೆಲ್ಟಿಗೆ ಬೇಕು ಎಂಬ ಮಾತಿಗೆ ನನ್ನ ಒಪ್ಪಿಗೆಯಿದೆ. ಗುದ್ದನ್ನು ಇನ್ನೊಬ್ಬರಿಗೆ ವಿವರಿಸಲು ಹೊರಟಾಗಲೇ ತನಗೆ ಎಷ್ಟು ತಿಳಿದಿಲ್ಲ ಎಂದು ತಿಳಿಯುತ್ತದೆ. ಆದರೆ ಈ ನೆಪದಲ್ಲಿ ಹದಿನಾಲ್ಕರ ಮಕ್ಕಳನ್ನು ವಾರಕ್ಕೆ ಎಂಟು ಗಂಟೆ ಪುಕ್ಕಟೆ ದುಡಿಸಿ, ಅದಕ್ಕೆ ‘ನಾಯಕತ್ವ ತರಬೇತಿ’ ಎಂದು ಹೆಸರಿಟ್ಟು, ತಂದೆತಾಯಿಯರಿಂದಲೇ ಹೆಚ್ಚುವರಿ ಹಣ ಪಡೆಯುವ ಶಾಲೆಗಳಿವೆ. ಕೂಲಿ ಕೊಡದ ದುಡಿಮೆಗೆ ಕೂಲಿಕಾರನೇ ಹಣ ಕೊಡುವ ಈ ಏರ್ಪಾಟನ್ನು ಊರಿನ ಜಮೀನ್ದಾರರೂ ಕಂಡುಹಿಡಿದಿರಲಿಲ್ಲ.

ಬಲಪ್ರಯೋಗದ ಕಾನೂನನ್ನೂ ಪರೀಕ್ಷೆಯಲ್ಲಿ ಕೇಳಬೇಕು. ಎಲ್ಲಿ ಆತ್ಮರಕ್ಷಣೆ ಮುಗಿದು ಹಲ್ಲೆ ಶುರುವಾಗುತ್ತದೆ, ಎದುರಾಳಿ ಬಿದ್ದ ಮೇಲೆ ಹೊಡೆದರೆ ಏನಾಗುತ್ತದೆ, ಹಿಂದೆ ಸರಿಯುವ ಅವಕಾಶವಿದ್ದೂ ಸರಿಯದಿದ್ದರೆ ನಾವಿರುವ ರಾಜ್ಯದ ಕಾನೂನು ಏನನ್ನುತ್ತದೆ. ಕಂದು ಬಣ್ಣದ ಹುಡುಗನಿಗೆ, ಅದರಲ್ಲೂ ವೀಸಾದ ಮೇಲಿರುವ ಕುಟುಂಬದವನಿಗೆ, ಇದು ಪಠ್ಯದ ವಿಷಯವಷ್ಟೇ ಅಲ್ಲ. ಶಾಲೆಯ ಕಾರಿಡಾರಿನಲ್ಲಿ ಯಾರೋ ಜನಾಂಗೀಯ ಬೈಗುಳ ಎಸೆದಾಗ ಅವನ ಸೊಂಟದಲ್ಲಿಲ್ಲದ ಆ ಬೆಲ್ಟು ತಲೆಯೊಳಗೆ ಇರುತ್ತದೆ. ಒಂದು ಒದೆತದಿಂದ ಬರುವ ಪೊಲೀಸ್ ಪ್ರಕರಣ ಇಡೀ ಮನೆಯ ವಲಸೆ ಸ್ಥಿತಿಯನ್ನು ತೊಡಕಿಗೆ ಸಿಲುಕಿಸಬಲ್ಲದು. ಗಾಳಿಗೆ ಒದೆಯುವುದನ್ನು ಮಾತ್ರ ಕಲಿತು ತಾನು ಅಜೇಯನೆಂದು ನಂಬಿದ ಮಗುವನ್ನು ಅಂಥ ಕಾರಿಡಾರಿಗೆ ಕಳಿಸುವುದು ಕ್ರೌರ್ಯ. ಏನೂ ಕಲಿಯದ ಮಗುವಿಗಾದರೂ ಓಡಬೇಕೆಂಬ ಬುದ್ಧಿ ಇರುತ್ತದೆ.

ಆದ್ದರಿಂದಲೇ ವಯಸ್ಸಿನ ಪ್ರಶ್ನೆಯಲ್ಲಿ ನಾನು ರಾಜಿಯಾಗಲಾರೆ. ಹದಿನಾರಕ್ಕೆ ಮುನ್ನ ಪೂರ್ಣ ಬ್ಲ್ಯಾಕ್ ಬೆಲ್ಟ್ ಬೇಡ. ಕೊರಿಯಾದ ಟೇಕ್ವಾಂಡೊದಲ್ಲಿ ಹದಿನೈದರ ಒಳಗಿನವರಿಗೆ ‘ಪೂಮ್’ ಎಂಬ ಬೇರೆಯೇ ದರ್ಜೆಯಿದೆ. ಕರಾಟೆಯವರೂ ಅಂಥದ್ದನ್ನು ಪ್ರಾಮಾಣಿಕವಾಗಿ ಪಾಲಿಸಬಹುದು. ಎಂಟು ವರ್ಷದ ಮಗು ಚೆನ್ನಾಗಿ ಕಟಾ ಮಾಡಿದರೆ ಚಪ್ಪಾಳೆ ತಟ್ಟೋಣ. ಆತ್ಮಸಂಯಮ, ಕಾನೂನಿನ ಅರಿವು, ಇನ್ನೊಬ್ಬರ ದೇಹದ ಮೇಲಿನ ಜವಾಬ್ದಾರಿ ಇವುಗಳಿಗೆ ಅದು ಸಹಿ ಹಾಕಿದೆ ಎಂದು ನಟಿಸುವುದು ಬೇಡ.

ಓಕಿನಾವಾದ ವಿಷಯ ಇನ್ನೂ ಒಂದಿದೆ. 1945ರ ಯುದ್ಧದಲ್ಲಿ ಆ ದ್ವೀಪದ ಜನರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಸತ್ತರು. 1972ರ ತನಕ ಅಮೆರಿಕ ಅದನ್ನು ಆಳಿತು. ಅಲ್ಲಿ ಒಂದೆರಡು ವರ್ಷ ಬೀಡುಬಿಟ್ಟಿದ್ದ ಸೈನಿಕರು ಬಡ ಗುರುಗಳಿಗೆ ಡಾಲರ್ ಕೊಟ್ಟು ಕರಾಟೆ ಕಲಿತು, ಊರಿಗೆ ಮರಳುವ ಹೊತ್ತಿಗೆ ಬೆಲ್ಟ್ ಪಡೆದು ಬಂದರು. ಅಮೆರಿಕದಲ್ಲಿ ಕರಾಟೆ ಹರಡಿದ್ದು ಬಹುಮಟ್ಟಿಗೆ ಅವರಿಂದ. ಅವಸರದ ಬೆಲ್ಟಿನ ಬೀಜವೂ ಅಲ್ಲಿಯೇ ಇದೆ. ಜಪಾನಿನ ಒಟ್ಟು ನೆಲದಲ್ಲಿ ಶೇ. 0.6ರಷ್ಟಿರುವ ಆ ದ್ವೀಪಗಳ ಮೇಲೆ ಇಂದಿಗೂ ಆ ದೇಶದಲ್ಲಿನ ಅಮೆರಿಕನ್ ಸೇನಾನೆಲೆಗಳ ಸುಮಾರು ಶೇ. 70ರಷ್ಟು ಭಾರ ಕೂತಿದೆ, ಅದರ ವಿರುದ್ಧ ಅಲ್ಲಿನ ಮುದುಕರು ಇಂದಿಗೂ ಗೇಟಿನ ಮುಂದೆ ಕೂರುತ್ತಾರೆ. ಓಕಿನಾವಾದ ಹೆಸರಿನಲ್ಲಿ ಬಾಗುವ ವಿದ್ಯಾರ್ಥಿಗೆ ಆ ಜಾಗ ನಕಾಶೆಯಲ್ಲಿ ಎಲ್ಲಿದೆ, ಅಲ್ಲಿನವರು ಯಾವ ಭಾಷೆ ಕಳೆದುಕೊಂಡರು, ಈಗ ಏನು ಕೇಳುತ್ತಿದ್ದಾರೆ ಎಂಬುದರ ಕುರಿತು ನಾಲ್ಕು ಪುಟ ಬರೆಯಲು ಬರಬೇಕು. ಈ ಬೇಡಿಕೆ ವಿಚಿತ್ರವೆಂದು ತೋರುವವರು, ನಮ್ಮ ಯೋಗವನ್ನು ಇವರು ಹತ್ತಿರದ ಮಾಲಿನಲ್ಲಿ ಮಾರುತ್ತಿರುವ ಬಗ್ಗೆ ನಾವೇ ಬರೆದ ಲೇಖನಗಳನ್ನು ಒಮ್ಮೆ ತೆಗೆದು ನೋಡಬಹುದು.

ಇಷ್ಟೆಲ್ಲ ಕೇಳಿದರೆ ಯಾರಿಗೆ ಬೆಲ್ಟ್ ಸಿಗುತ್ತದೆ ಎಂದು ಕೇಳಬಹುದು. ಸಿಗುವವರು ಇದ್ದಾರೆ. ದೊಡ್ಡ ಗಾಜಿನ ಬಾಗಿಲಿನ ಶಾಲೆಗಳ ನೆರಳಿನಲ್ಲಿ, ಸಮುದಾಯ ಭವನಗಳಲ್ಲಿ, ವಿಶ್ವವಿದ್ಯಾಲಯಗಳ ಹಳೆಯ ವ್ಯಾಯಾಮಶಾಲೆಗಳಲ್ಲಿ, ವೈ.ಎಂ.ಸಿ.ಎ. ಕಟ್ಟಡಗಳಲ್ಲಿ, ಹಗಲು ಬೇರೆ ಉದ್ಯೋಗ ಮಾಡಿ ಸಂಜೆ ಕಲಿಸುವ ಗುರುಗಳಿದ್ದಾರೆ. ತಿಂಗಳ ಶುಲ್ಕ ಕಡಿಮೆ, ಒಪ್ಪಂದಪತ್ರ ಇರುವುದಿಲ್ಲ, ಕಳೆದ ಪರೀಕ್ಷೆಯಲ್ಲಿ ಎಷ್ಟು ಜನ ಅನುತ್ತೀರ್ಣರಾದರು ಎಂದು ಕೇಳಿದರೆ ಸಂಖ್ಯೆ ಹೇಳುತ್ತಾರೆ. ತಂದೆತಾಯಿಯರು ಹಿಂದೆ ಕೂತು ನೋಡಲು ಅಡ್ಡಿಯಿಲ್ಲ. ಬೆಲ್ಟು ಅಲ್ಲಿ ತಡವಾಗಿ ಬರುತ್ತದೆ. ಎಷ್ಟೋ ಮಕ್ಕಳು ಅದು ಬರುವ ಮೊದಲೇ ಕಾಲೇಜಿಗೆ ಹೊರಟುಬಿಡುತ್ತಾರೆ, ಕಂದು ಬೆಲ್ಟಿನಲ್ಲೇ. ಅರ್ಜಿಯ ಆ ಸಾಲು ಖಾಲಿ ಉಳಿಯುತ್ತದೆ. ಅವರಲ್ಲಿ ಕೆಲವರು ಹೊಸ ಊರಿನಲ್ಲಿ ಸೂಟ್‌ಕೇಸು ಬಿಚ್ಚಿದ ವಾರದಲ್ಲೇ ಹತ್ತಿರದ ಡೋಜೋ ಎಲ್ಲಿದೆ ಎಂದು ಹುಡುಕುತ್ತಾರೆ.